ಮೊದಲು ನೆಲ ಸರಿಮಾಡಿ, ಆಮೇಲೆ ನೀರು ಬಿಡಿ

2022ರ ಸೆಪ್ಟೆಂಬರ್ 5ರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮೊಣಕಾಲುದ್ದ ನೀರು. ಬೆಳ್ಳಂದೂರು, ವರ್ತೂರು ಕಡೆಯವರು ಆ ದಿನವನ್ನು ಮರೆತಿರಲಿಕ್ಕಿಲ್ಲ. ಹಿಂದಿನ ರಾತ್ರಿ ಬೆಂಗಳೂರಿನಲ್ಲಿ 131.6 ಮಿಲಿಮೀಟರ್ ಮಳೆ ಸುರಿದಿತ್ತು. ನಾನು ಸಿವಿಲ್ ಓದಿದವಳು. ಸುಮ್ನೆ ಕೂರಲಾಗದೆ ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶ ತೆರೆದು ನಮ್ಮ ಬೀದಿಯ ನೆರೆ ನಕ್ಷೆ ಮಾಡಿದೆ. ನಕ್ಷೆಯಲ್ಲಿ ನಮ್ಮ ಗೇಟು ಒಣಒಣ! ನೀರೆಲ್ಲ ಮೇಲಿನ ರಸ್ತೆಯ ಆಚೆ, ಯಾರೂ ನೀರು ಕಾಣದ ಒಂದು ಖಾಲಿ ಜಾಗದಲ್ಲಿ ಕೆರೆಯಾಗಿ ನಿಂತಿತ್ತು. ಮಳೆ ಲೆಕ್ಕ ಸರಿಯಾಗಿಯೇ ಇತ್ತು. ನಾನು ಕೊಟ್ಟ ನೆಲವೇ ತಪ್ಪಾಗಿತ್ತು.

ಅದಕ್ಕೇ ಈ ಬರಹದಲ್ಲಿ ಬಣ್ಣಬಣ್ಣದ ವಿಡಿಯೊ ಮಾಡುವ ಪ್ಲಗಿನ್‌ಗಳಿಗಿಂತ (ಕ್ಯೂಜಿಐಎಸ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಉಪಕರಣಗಳು) ನೆಲ ತಿದ್ದುವ ಪ್ಲಗಿನ್‌ಗಳ ಮಾತೇ ಜಾಸ್ತಿ. ಎಲ್ಲವೂ ಉಚಿತ. ಮೆನುವಿನ 'ಪ್ಲಗಿನ್ಸ್'ನಲ್ಲಿ ಹೆಸರು ಹುಡುಕಿ ಇನ್‌ಸ್ಟಾಲ್ ಕೊಟ್ಟರೆ ಆಯಿತು.

ಮೊದಲು ನೆಲದ ಎತ್ತರದ ಡೇಟಾ ಬೇಕು. 'ಓಪನ್‌ಟೊಪೋಗ್ರಫಿ ಡಿಇಎಂ ಡೌನ್‌ಲೋಡರ್' ಹಾಕಿಕೊಳ್ಳಿ. ಅವರ ಸೈಟಿನಲ್ಲಿ ಖಾತೆ ತೆರೆದರೆ ಪಾಸ್‌ವರ್ಡಿನಂಥ ಒಂದು ಕೀ ಸಿಗುತ್ತದೆ, ಅದನ್ನು ಇಲ್ಲಿ ಅಂಟಿಸಬೇಕು. ಪಟ್ಟಿಯಲ್ಲಿ ಎಸ್‌ಆರ್‌ಟಿಎಂ ಎಂಬ ಎತ್ತರದ ಡೇಟಾ ಇದೆ, ಆದರೆ ಅದು 2000ನೇ ಇಸವಿಯ ಫೆಬ್ರವರಿಯಲ್ಲಿ ಅಳೆದ ನೆಲ. ಆಗ ನಮ್ಮ ಲೇಔಟ್ ಇನ್ನೂ ಹೊಲ. ಕೋಪರ್ನಿಕಸ್ 30 ಮೀಟರ್ ಆರಿಸಿ, ಅದು 2011ರಿಂದ 2015ರ ನಡುವೆ ಅಳೆದದ್ದು. ಆದರೆ ಅದೂ ಮರದ ತಲೆ, ಮನೆಯ ತಾರಸಿಯನ್ನೇ ನೆಲ ಅಂದುಕೊಳ್ಳುತ್ತದೆ. ಜೊತೆಗೆ 30 ಮೀಟರ್ ಚೌಕ ಅಂದರೆ ಎಂಟು ಥರ್ಟಿ-ಫಾರ್ಟಿ ಸೈಟು ಸೇರಿ ಒಂದೇ ಎತ್ತರ. ಹತ್ತು ಮೀಟರ್ ಅಗಲದ ರಾಜಕಾಲುವೆ ಅದರಲ್ಲಿ ಎಲ್ಲಿ ಕಾಣಬೇಕು?

ಡೌನ್‌ಲೋಡ್ ಆದ ಫೈಲ್ ಡಿಗ್ರಿಯಲ್ಲಿ ಇರುತ್ತದೆ. ಮುಂದೆ ಹೋಗುವ ಮೊದಲು ಅದನ್ನು ಮೀಟರಿಗೆ ತನ್ನಿ. ಬೆಂಗಳೂರಿಗೆ ಇಪಿಎಸ್‌ಜಿ:32643 ಎಂಬ ಮೀಟರ್ ಪದ್ಧತಿಯ ಸಂಖ್ಯೆ ಕೊಟ್ಟು 'ವಾರ್ಪ್' ಉಪಕರಣ ಓಡಿಸಿ. ಇದನ್ನು ಮರೆತರೆ ಇಳಿಜಾರಿನ ಲೆಕ್ಕವೆಲ್ಲ ಹಾಳು.

ಈಗ 'ಕ್ವಿಕ್‌ಓಎಸ್‌ಎಂ'. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಜನ ಬರೆದಿಟ್ಟ ಕಾಲುವೆಗಳನ್ನು ಇದು ಎಳೆದು ತರುತ್ತದೆ. 'ಕೀ' ಎಂಬ ಖಾನೆಯಲ್ಲಿ 'ವಾಟರ್‌ವೇ' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ವ್ಯಾಲ್ಯೂ ಖಾಲಿ ಬಿಡಿ, ನಿಮ್ಮ ನಕ್ಷೆಯ ವ್ಯಾಪ್ತಿ ಕೊಡಿ. ಬಂದದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ನಮ್ಮ ಕಡೆ ಒಂದು ಕಾಲುವೆ ಅರ್ಧಕ್ಕೇ ನಿಂತಿತ್ತು. ಉಳಿದರ್ಧವನ್ನು ಹಳೆಯ ಗ್ರಾಮ ನಕ್ಷೆ ನೋಡಿ ನಾನೇ ಎಳೆದೆ. ಆ ನಕ್ಷೆಯನ್ನು ನೆಲಕ್ಕೆ ಕೂರಿಸಲು 'ಜಿಯೊರೆಫರೆನ್ಸರ್' ಇದೆ, ಹೊಸ ಆವೃತ್ತಿಗಳಲ್ಲಿ ಅದು ಕ್ಯೂಜಿಐಎಸ್‌ನ ಒಳಗೇ ಬರುತ್ತದೆ. ಎರಡೂ ನಕ್ಷೆ ಹೊಂದಿಸುವ ಗುರುತಿಗೆ ರಸ್ತೆ ತಗೋಬೇಡಿ, ರಸ್ತೆಗಳು ಬದಲಾಗಿರುತ್ತವೆ. ಕೆರೆ ಏರಿಯ ತಿರುವು ಅಷ್ಟು ಬೇಗ ಬದಲಾಗುವುದಿಲ್ಲ.

ಕಾಲುವೆ ಗೆರೆ ಸಿಕ್ಕ ಮೇಲೆ ಅದನ್ನು ನೆಲದಲ್ಲಿ ತೋಡಬೇಕು. ಗೆರೆಯನ್ನು 'ರಾಸ್ಟರೈಸ್' ಮಾಡಿ, ಅಂದರೆ ಚೌಕಗಳಿಗೆ ಇಳಿಸಿ: ಕಾಲುವೆ ಇರುವ ಚೌಕಕ್ಕೆ 1, ಉಳಿದದ್ದಕ್ಕೆ 0. ಚೌಕದ ಅಳತೆಯೂ ವ್ಯಾಪ್ತಿಯೂ ಎತ್ತರದ ಫೈಲಿನಷ್ಟೇ ಇರಲಿ. ಆಮೇಲೆ ರಾಸ್ಟರ್ ಕ್ಯಾಲ್ಕ್ಯುಲೇಟರಿನಲ್ಲಿ ಎತ್ತರದಿಂದ ಇದರ ಮೂರು ಪಟ್ಟು ಕಳೆಯಿರಿ, ಅಂದರೆ ಮೂರು ಮೀಟರ್ ಆಳ. ಇಲ್ಲಿ ಎಡವುವ ಜಾಗವೊಂದಿದೆ. ಸೊನ್ನೆಯನ್ನು 'ನೋಡೇಟಾ', ಅಂದರೆ ಡೇಟಾ ಇಲ್ಲ, ಅಂತ ಬರೆಯಲು ಬಿಟ್ಟರೆ, ಕಳೆದ ಮೇಲೆ ಕಾಲುವೆ ಮಾತ್ರ ಉಳಿದು ಊರೆಲ್ಲ ಮಾಯವಾಗುತ್ತದೆ. ನನಗೆ ಅದು ಗೊತ್ತಾಗಲು ಒಂದು ಸಂಜೆ ಬೇಕಾಯಿತು. ಇನ್ನೊಂದು ಮಾತು. ಈ ತೋಡಿದ ಫೈಲ್ ನೀರಿನ ದಾರಿ ಹುಡುಕಲು ಮಾತ್ರ. ನೀರಿನ ಆಳ ನೋಡಲು ತೋಡದ ಪ್ರತಿ ಬೇರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಇಲ್ಲದ ಮೂರು ಮೀಟರ್ ಆಳವೂ ಸೇರಿಕೊಳ್ಳುತ್ತದೆ.

ಇನ್ನು 'ಸರ್ವಲ್'. ಒಂದೇ ಪ್ಲಗಿನ್ ಹಾಕುವೆ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಂದೊಂದು ಚೌಕದ ಎತ್ತರವನ್ನೂ ಕೈಯಲ್ಲಿ ಬದಲಾಯಿಸಬಹುದು. ನನ್ನ ನಕ್ಷೆಯ ಸುಳ್ಳು ಕೆರೆ ನೆನಪಿದೆ ಅಲ್ವಾ? ಎತ್ತರಿಸಿ ಕಟ್ಟಿದ ರಸ್ತೆ ಅಲ್ಲಿ ಅಣೆಕಟ್ಟಿನ ಹಾಗೆ ಅಡ್ಡ ನಿಂತಿತ್ತು. ನಿಜದಲ್ಲಿ ಅದರ ಅಡಿಯಲ್ಲಿ ಮೋರಿ ಇದೆ, ನೀರು ಹಾದು ನಮ್ಮ ಗೇಟಿಗೇ ಬರುತ್ತದೆ. ಮೇಲಿನಿಂದ ಅಳೆದ ಉಪಗ್ರಹಕ್ಕೆ ಮೋರಿ ಹೇಗೆ ಕಾಣಬೇಕು? ಮೋರಿಗೆ ನೀರು ಬರುವ ಕಡೆಯ ಮತ್ತು ಹೊರಹೋಗುವ ಕಡೆಯ ಚೌಕದ ಎತ್ತರ ನೋಡಿ, ರಸ್ತೆ ಮೇಲಿನ ಚೌಕಗಳಿಗೆ ಅವೆರಡರ ನಡುವಿನ ಸಂಖ್ಯೆ ಕೊಟ್ಟೆ. ಬದಲಿಸಿದ್ದು ಎರಡೇ ಎರಡು ಚೌಕ. ಕೆರೆ ಒಡೆದುಹೋಯಿತು. ಸರ್ವಲ್ ಬದಲಾವಣೆಯನ್ನು ಆಗಲೇ ಫೈಲಿಗೆ ಬರೆದುಬಿಡುತ್ತದೆ, ಸೇವ್ ಕೇಳುವುದಿಲ್ಲ. ಆದ್ದರಿಂದ ಯಾವಾಗಲೂ ನಕಲಿನ ಮೇಲೆ ಕೆಲಸ ಮಾಡಿ. ನಾನು ಮೊದಲ ಸಲ ಮೂಲ ಫೈಲನ್ನೇ ಕೆಡಿಸಿ ಮತ್ತೆ ಡೌನ್‌ಲೋಡ್ ಮಾಡಿದೆ.

ನೀರಿನ ದಾರಿಗೆ 'ಗ್ರಾಸ್' ಎಂಬ ಇನ್ನೊಂದು ನಕ್ಷೆ ತಂತ್ರಾಂಶದ ಉಪಕರಣಗಳನ್ನು ತರುವ ಪ್ರೊವೈಡರನ್ನು ಚಾಲೂ ಮಾಡಿ, ಟೂಲ್‌ಬಾಕ್ಸಿನಲ್ಲಿ 'ಆರ್.ವಾಟರ್‌ಶೆಡ್' ಓಡಿಸಿ. ಇದಕ್ಕೆ ಮೊದಲೇ ತಗ್ಗು ತುಂಬಿಸುವ ಕೆಲಸ ಬೇಡ. ಎಷ್ಟು ಚೌಕಗಳ ನೀರು ಸೇರಿದರೆ ಹಳ್ಳ ಅನ್ನಬೇಕು ಎಂಬ ಮಿತಿಗೆ 500 ಕೊಟ್ಟರೆ, ಸುಮಾರು ಅರ್ಧ ಚದರ ಕಿಲೋಮೀಟರಿನ ನೀರು ಸೇರುವ ಹಳ್ಳಗಳವರೆಗೂ ಸಿಗುತ್ತದೆ. ಇಂತಿಷ್ಟು ಮಟ್ಟಕ್ಕೆ ನೀರು ಏರಿದರೆ ಎಲ್ಲೆಲ್ಲಿ ಹರಡುತ್ತದೆ ಅಂತ ನೋಡಲು 'ಆರ್.ಲೇಕ್' ಸಾಕು. ಅದಕ್ಕೆ ಸಮಯದ ಲೆಕ್ಕ ಇಲ್ಲ, ತೊಟ್ಟಿ ತುಂಬಿಸಿದ ಹಾಗೆ.

ಎಷ್ಟು ನೀರು ಹರಿಯುತ್ತದೆ ಅನ್ನುವುದಕ್ಕೆ ಕರ್ವ್ ನಂಬರ್ ಲೆಕ್ಕ. ನೆಲ ನೀರು ಹೀರುವುದು ಕಡಿಮೆಯಾದಷ್ಟೂ ಈ ನಂಬರ್ ಜಾಸ್ತಿ. ಇದಕ್ಕೂ ಪ್ಲಗಿನ್ ಇದೆ, ಆದರೆ ತಾನೇ ಡೇಟಾ ತರುವ ಭಾಗ ಅಮೆರಿಕಕ್ಕೆ ಮಾಡಿದ್ದು. ನಾನು ಕ್ಯಾಲ್ಕ್ಯುಲೇಟರಿನಲ್ಲೇ ಮಾಡುತ್ತೇನೆ. ಆ ರಾತ್ರಿಯ 131.6 ಮಿಲಿಮೀಟರನ್ನೇ ತಗೊಳ್ಳಿ. ನಂಬರ್ 70 ಇಟ್ಟರೆ, ಅಂದರೆ ಸ್ವಲ್ಪ ನೀರು ಹೀರುವ ನೆಲವಾದರೆ, 55 ಮಿಲಿಮೀಟರ್ ಹರಿಯುತ್ತದೆ. 92 ಇಟ್ಟರೆ, ಅಂದರೆ ಕಾಂಕ್ರೀಟು ತುಂಬಿದ ಜಾಗವಾದರೆ, 108. ಒಂದು ಚದರ ಕಿಲೋಮೀಟರಿಗೆ ಈ ವ್ಯತ್ಯಾಸವೇ 5.3 ಕೋಟಿ ಲೀಟರ್. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರಾದರೆ ಸುಮಾರು 4,400. ಬೇಸಿಗೆಯಲ್ಲಿ ಇದೇ ಲೇಔಟಿನವರು ಟ್ಯಾಂಕರಿಗೆ ಕಾಯುತ್ತೇವೆ!

ಗಂಟೆಗಂಟೆಗೆ ನೀರು ಹೇಗೆ ಏರಿತು ಅಂತ ಬೇಕಾದರೆ ಕ್ಯೂಜಿಐಎಸ್ ಒಂದೇ ಸಾಲದು. ಚರಂಡಿ ಜಾಲವಾದರೆ 'ಜನರೇಟ್ ಸ್ವಿಮ್ ಇನ್ಪ್' ಪ್ಲಗಿನ್ ನಿಮ್ಮ ಗೆರೆಗಳನ್ನು ಚರಂಡಿ ನೀರಿನ ಲೆಕ್ಕ ಮಾಡುವ ಸ್ವಿಮ್ (SWMM) ತಂತ್ರಾಂಶಕ್ಕೆ ಕಳಿಸುತ್ತದೆ. ಬಯಲಿನ ಹರಿವಾದರೆ ಹೆಕ್-ರಾಸ್ ಎಂಬ ತಂತ್ರಾಂಶ. ಇದು ಉಚಿತ, ಆದರೆ ಓಪನ್ ಸೋರ್ಸ್ ಅಲ್ಲ. ಅದರ ಫಲಿತಾಂಶವನ್ನು ಮೆಶ್ ಲೇಯರ್ (ಬಲೆಯಂತೆ ಹೆಣೆದ ಪದರ) ಆಗಿ ತೆರೆದು 'ಕ್ರೇಫಿಶ್' ಪ್ಲಗಿನ್ನಿನಲ್ಲಿ ಒಂದು ಜಾಗದ ನೀರಿನ ಏರಿಳಿತದ ಗ್ರಾಫ್ ತೆಗೆಯಬಹುದು, ವಿಡಿಯೊನೂ ಮಾಡಬಹುದು. 30 ಮೀಟರ್ ನೆಲ ಇಟ್ಟುಕೊಂಡು ಮನೆ ಬಾಗಿಲ ಆಳ ಹೇಳುವ ವಿಡಿಯೊ ಮಾತ್ರ ಮಾಡಬೇಡಿ. ಅದಕ್ಕೆ ಸರ್ವೆಯ ಮಟ್ಟಗಳೇ ಬೇಕು.

ಕೊನೆಗೆ ನಕ್ಷೆ ಪ್ರಿಂಟ್ ತೆಗೆದು ಬೀದಿಗೆ ಇಳಿಯಿರಿ. ಕಾಂಪೌಂಡ್ ಗೋಡೆಯ ಕೆಸರಿನ ಗೆರೆಯನ್ನು ಟೇಪಿನಲ್ಲಿ ಅಳೆಯಿರಿ, ಫೋಟೊ ತೆಗೆಯಿರಿ. ನಾನು ಹೀಗೆ ಸುತ್ತುವಾಗ ಸೊಪ್ಪು ಮಾರುವ ಅಜ್ಜಿ ಕರೆದು ಕೇಳಿದರು, "ಏನಮ್ಮ ಅಳೀತಿದ್ದೀಯ?" ನಕ್ಷೆ ತೋರಿಸಿದೆ. ಅವರು ನಕ್ಷೆ ನೋಡಲೇ ಇಲ್ಲ, ಕೈ ಚಾಚಿ ಬೇಕರಿ ತೋರಿಸಿದರು. "ಕೆರೆ ಕೋಡಿ ಬಿದ್ರೆ ನೀರು ಅಲ್ಲಿಂದ ಬರ್ತಿತ್ತು ಕಣಮ್ಮ. ಈಗ ಅದರ ಮೇಲೇ ಅಂಗಡಿ ಕಟ್ಟವ್ರೆ." ನನ್ನ ಗೆರೆ ಬೇಕರಿಯಿಂದ ಎರಡು ಚೌಕ ಈಚೆಗೆ ಇತ್ತು. ಮನೆಗೆ ಬಂದು ಗೆರೆ ಸರಿಸಿ, ಮತ್ತೆ ತೋಡಿ, ಆರ್.ವಾಟರ್‌ಶೆಡ್ ಇನ್ನೊಮ್ಮೆ ಓಡಿಸಿದೆ. ಈ ಸಲ ನೀರಿನ ದಾರಿ ನಮ್ಮ ಗೇಟಿನ ಮುಂದೆಯೇ ಹಾದುಹೋಯಿತು.