ಹಲಸಿನ ಹಲಗೆಗೆ 55 ಡಿಗ್ರಿ

ಹಲಸಿನ ಹಲಗೆಯನ್ನು ಕೀಸುಳಿಯೊಂದರಿಂದಲೇ ನಯ ಮಾಡುತ್ತೇನೆ, ಉಜ್ಜು ಕಾಗದ ಮುಟ್ಟಿಸುವುದಿಲ್ಲ ಎಂದು ನಾನು ಹೇಳಿದಾಗ ನಮ್ಮೂರಿನ ಆಚಾರ್ರು ನಗಲಿಲ್ಲ. ನಕ್ಕಿದ್ದರೆ ಅಷ್ಟು ಬೇಸರವಾಗುತ್ತಿರಲಿಲ್ಲ. "ಮೇಷ್ಟ್ರೇ, ಹಲಸಿನ ಎಳೆ ಒಂದು ಪಟ್ಟಿ ಈಚೆ ಮಲಗಿದರೆ ಪಕ್ಕದ ಪಟ್ಟಿ ಆಚೆ ಮಲಗುತ್ತದೆ. ಒಂದನ್ನು ಸಮಾಧಾನ ಮಾಡಿದರೆ ಇನ್ನೊಂದು ಎದ್ದು ಕೂರುತ್ತದೆ. ಗಾಜಿನ ಚೂರಿನಿಂದ ಹೆರೆಯಿರಿ, ಇಲ್ಲ ಮೆಷಿನ್ ಹಿಡಿಯಿರಿ" ಎಂದು ಹೇಳಿ ವೀಳ್ಯದೆಲೆಗೆ ಸುಣ್ಣ ಸವರತೊಡಗಿದರು. ಐವತ್ತು ವರ್ಷ ಉಳಿ ಹಿಡಿದವರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು, ಭಾನುವಾರದ ಬಡಗಿ. ಇದಾಗಿ ಮೂರು ವರ್ಷವಾಯಿತು. ಈಗ ಬರೆಯುವ ಧೈರ್ಯ ಬಂದಿದೆ, ಏಕೆಂದರೆ ಹಲಗೆ ನಯವಾಗಿದೆ.

ಮರದ ಕಥೆಯನ್ನು ಬೇಗ ಮುಗಿಸುತ್ತೇನೆ. ಸಾಗರದ ಹತ್ತಿರ ನಮ್ಮ ತೋಟದ ಅಂಚಿನಲ್ಲಿದ್ದ ಹಲಸು ಒಂದು ಆಷಾಢದ ಗಾಳಿಗೆ ಉರುಳಿತು. ಸಾಮಿಲ್ಲಿನಲ್ಲಿ ಒಂದು ಇಂಚು ಮತ್ತು ಒಂದೂವರೆ ಇಂಚಿನ ಹಲಗೆ ಸೀಳಿಸಿದೆ. ತುದಿಗಳಿಗೆ ಉಳಿದ ಪೇಂಟ್ ಬಳಿದು, ನಡುವೆ ರೀಪಿನ ತುಂಡು ಕೊಟ್ಟು ಕೊಟ್ಟಿಗೆಯ ಅಟ್ಟದಲ್ಲಿ ಪೇರಿಸಿದೆ. ಒಣಗಲು ಇಂಚಿಗೊಂದು ವರ್ಷ ಎನ್ನುತ್ತಾರಲ್ಲ, ನಾನು ಹದಿನಾಲ್ಕು ತಿಂಗಳು ಕಾದೆ. ಆದರೂ ಎರಡು ಹಲಗೆ ದೋಣಿಯಾದವು. ಉಳಿದವು ನೆಟ್ಟಗಿದ್ದವು.

ಮಾಡಬೇಕೆಂದುಕೊಂಡದ್ದು ಒಂದು ಡೆಸ್ಕು. ಹಿಂದೆ ಅಂಗಡಿಗಳಲ್ಲಿ ಲೆಕ್ಕ ಬರೆಯುವವರ ಮುಂದೆ ಇರುತ್ತಿತ್ತಲ್ಲ, ನೆಲದ ಮೇಲೆ ಕುಳಿತು ಬರೆಯುವ ಇಳಿಜಾರು ಮುಚ್ಚಳದ ಪೆಟ್ಟಿಗೆ, ಅದು. ನಾಲ್ಕು ಮೂಲೆಗೂ ಡವ್‌ಟೇಲ್ ಕಚ್ಚು, ಅಂದರೆ ಪಾರಿವಾಳದ ಬಾಲದ ಆಕಾರದ ಜೋಡಣೆ, ಒಂದೂ ಮೊಳೆಯಿಲ್ಲ. ಕಚ್ಚುಗಳು ಎರಡನೆಯ ಪ್ರಯತ್ನಕ್ಕೇ ಕೂತವು. ಆ ಬಗ್ಗೆ ನನಗೆ ಜಂಭವಿದೆ, ಇರಲಿ. ಕಾಡಿದ್ದು ಮುಚ್ಚಳದ ಹಲಗೆ. ಅಂಗಡಿಯಿಂದ ತಂದಿದ್ದ ಕಬ್ಬಿಣದ ಕೀಸುಳಿಯನ್ನು ಅದರ ಮೇಲೆ ಓಡಿಸಿದಾಗ ಮೊದಲ ಎರಡಡಿ ರೇಷ್ಮೆಯಂತೆ ಸುರುಳಿ ಬಂತು. ಆಮೇಲೆ ಚರಕ್ ಎಂಬ ಸದ್ದು. ನೋಡಿದರೆ ಬೆರಳಗಲದ ಎಳೆಗಳು ಬುಡಸಮೇತ ಕಿತ್ತು ಬಂದು, ಕೋಳಿ ಕೆದರಿದ ನೆಲದಂತೆ ಕುಳಿಗಳು ಬಿದ್ದಿದ್ದವು. ದಿಕ್ಕು ತಿರುಗಿಸಿ ಕೀಸಿದರೆ ಆ ಕುಳಿ ಮುಚ್ಚುತ್ತಿತ್ತು, ಪಕ್ಕದಲ್ಲಿ ಹೊಸದು ಏಳುತ್ತಿತ್ತು. ಆಚಾರ್ರು ಹೇಳಿದಂತೆಯೇ.

ದುಡ್ಡಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮೊದಲ ಕೀಸುಳಿ ಸುಮಾರು ₹850. ತಪ್ಪು ಅದರದ್ದೇ ಎಂದುಕೊಂಡು ಇನ್ನೊಂದು ತಂದೆ, ₹4,500ರ ಹತ್ತಿರ. ಅದರ ತಳ ಸಮವಾಗಿರಲಿಲ್ಲ. ಗಾಜಿನ ಮೇಲೆ ಕಾಗದ ಅಂಟಿಸಿ ಮೂರು ಸಂಜೆ ತಿಕ್ಕಿ ಸಮ ಮಾಡಿದೆ. ಎಳೆ ಕೀಳುವುದು ನಿಲ್ಲಲಿಲ್ಲ. ಆಮೇಲೆ ₹3,000 ಕೊಟ್ಟು ಉಜ್ಜುವ ಮೆಷಿನ್, ಸ್ಯಾಂಡರ್ ತಂದೆ. ಹಲಗೆ ನಯವಾಯಿತು, ನಿಜ. ಆದರೆ ಹಲಸಿಗೆ ಒಂದು ಒಳಹೊಳಪಿದೆ. ದೀಪದ ಎದುರು ಹಲಗೆಯನ್ನು ವಾಲಿಸಿದರೆ ಪಟ್ಟಿ ಪಟ್ಟಿಯಾಗಿ ಬೆಳಕು ಹರಿದಾಡುತ್ತದೆ. ಉಜ್ಜಿದ ಹಲಗೆಯಲ್ಲಿ ಅದು ಮಂಕಾಗಿತ್ತು, ಹಿಟ್ಟು ಸವರಿದ ಹಾಗೆ. ಕೊಟ್ಟಿಗೆಯ ತುಂಬ ಹಳದಿ ದೂಳು, ರಾತ್ರಿಯೆಲ್ಲ ಕೆಮ್ಮು. ಎಂಟು ಸಾವಿರಕ್ಕೂ ಹೆಚ್ಚು ಹೋದ ಮೇಲೆ ಹೆಂಡತಿ, "ಈ ದುಡ್ಡಿಗೆ ತೇಗದ ಮೇಜೇ ಬರುತ್ತಿತ್ತಲ್ಲ" ಎಂದಳು. ಲೆಕ್ಕದ ಮೇಷ್ಟ್ರು ನಾನು, ಉತ್ತರವಿರಲಿಲ್ಲ.

ದಾರಿ ತೋರಿಸಿದ್ದು ಒಂದು ಸಣ್ಣ ಪ್ರಯೋಗ. ಅಂಗಡಿಯ ಕೀಸುಳಿಯಲ್ಲಿ ಅಲಗು 45 ಡಿಗ್ರಿಗೆ ಮಲಗಿರುತ್ತದೆ. ಅಲಗಿನ ಓರೆ, ಅಂದರೆ ಹರಿತಕ್ಕೆ ಮಸೆದ ಇಳಿಜಾರು, ಕೆಳಮುಖವಾಗಿರುವುದರಿಂದ ಅದನ್ನು ಎಷ್ಟು ಬದಲಿಸಿದರೂ ಮರಕ್ಕೆ ತಾಗುವ ಕೋನ ಬದಲಾಗುವುದಿಲ್ಲ. ಆದರೆ ಅಲಗಿನ ಚಪ್ಪಟೆ ಬೆನ್ನಿಗೆ, ಅಂಚಿನಲ್ಲಿ ಕೂದಲೆಳೆಯಷ್ಟು ಅಗಲಕ್ಕೆ, ಹತ್ತು ಡಿಗ್ರಿಯ ಇನ್ನೊಂದು ಓರೆ ಕೊಟ್ಟರೆ? ಹೆರೆಯುವ ಕೋನ 55 ಆಗುತ್ತದೆ. ಅಲಗಿನ ಕೆಳಗೆ ಮರದ ಬೆಣೆ ಕೊಟ್ಟು ಕಲ್ಲಿನ ಮೇಲೆ ಎಂಟು ಹತ್ತು ಸಲ ಎಳೆದೆ, ಅಷ್ಟೇ. ಹಲಗೆಯ ಮೇಲೆ ಓಡಿಸಿದೆ. ಎಳೆ ಏಳಲಿಲ್ಲ. ಸುರುಳಿ ಬರುವ ಬದಲು ಮುದುರಿದ ಕಾಗದದಂತೆ ಬಂತು, ಆದರೆ ಕುಳಿಯಿಲ್ಲ. ಏರುಕೋನದ ಅಲಗು ಎಳೆಯನ್ನು ಎತ್ತಿ ಸೀಳಲು ಹೋಗುವುದಿಲ್ಲ, ನಿಂತಲ್ಲೇ ಮುರಿದು ತಳ್ಳುತ್ತದೆ.

ಹಾಗಾದರೆ ಅಲ್ಲಿಗೇ ನಿಲ್ಲಿಸಬಹುದಿತ್ತಲ್ಲ ಎಂದು ಕೇಳುತ್ತೀರಿ. ಎರಡು ಮಿಲಿಮೀಟರಿನ ತೆಳು ಅಲಗು ಈ ಕೋನದಲ್ಲಿ ಗಟ್ಟಿ ಗಂಟಿಗೆ ಸಿಕ್ಕಿದರೆ ನಡುಗುತ್ತದೆ. ಹಲಗೆಯ ಮೇಲೆ ಅಡ್ಡಗೆರೆಗಳು, ನಮ್ಮೂರಿನ ರಸ್ತೆಯಂತೆ. ದಪ್ಪ ಅಲಗು ಬೇಕು, ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಮೈ ಬೇಕು. ಅಂಥದ್ದು ಕೊಳ್ಳಲು ಸಿಗುತ್ತದೆ, ಬೆಲೆ ನೋಡಿ ಮೊಬೈಲ್ ಮಗುಚಿಟ್ಟೆ. ಸಾಗರ, ಸೊರಬದ ಕಡೆ ಗುಡಿಗಾರರು ಗಂಧದ ಕೆತ್ತನೆ ಮಾಡುವುದನ್ನು ನೋಡಿ ಬೆಳೆದವನು ನಾನು. ಬೇಕಾದ ಮೂತಿಯ ಉಳಿ ಅಂಗಡಿಯಲ್ಲಿಲ್ಲದಿದ್ದರೆ ಅವರು ಕೈಕಟ್ಟಿ ಕೂತದ್ದನ್ನು ಕಂಡಿಲ್ಲ, ಇದ್ದುದನ್ನೇ ಮಸೆದು ಬೇಕಾದ ಮೂತಿಗೆ ತರುತ್ತಿದ್ದರು. ನನಗೂ ಅದೇ ಹುಚ್ಚು ಹಿಡಿಯಿತು, ಕೀಸುಳಿಯನ್ನು ನಾನೇ ಮಾಡುವುದು.

ಅಲಗಿಗೆ ಗುಜರಿಯಿಂದ ಲಾರಿಯ ಸ್ಪ್ರಿಂಗ್ ಪಟ್ಟಿ ತಂದೆ. ಎರಡು ಕಿಲೋ, ₹120. ನಮ್ಮ ಪೇಟೆಯ ಕಮ್ಮಾರ ಅದನ್ನು ಕೆಂಪಗೆ ಕಾಯಿಸಿ, ಬಾಗು ತೆಗೆದು, ನನಗೆ ಬೇಕಾದ ಅಗಲಕ್ಕೆ ಕಡಿದು ಮೂರು ತುಂಡು ಮಾಡಿಕೊಟ್ಟ. ₹300 ತೆಗೆದುಕೊಂಡ. ಮೂರು ತುಂಡು ಯಾಕೆ ಎಂದು ಅವನು ಕೇಳಿದಾಗ ಇರಲಿ ಎಂದೆ. ಮೂರೂ ಬೇಕಾದವು.

ಮೊದಲನೆಯದನ್ನು ಇದ್ದಿಲ ಒಲೆಯಲ್ಲಿ ಕಾಯಿಸಿ ನೀರಿಗೆ ಅದ್ದಿದೆ. ಬಕೆಟ್ಟಿನೊಳಗಿಂದ 'ಟಿಣ್' ಎಂಬ ಸಣ್ಣ ಸದ್ದು ಬಂತು. ಹೊರತೆಗೆದರೆ ಮೇಲಿನಿಂದ ಕೆಳಗೆ ಒಂದು ಬಿರುಕು. ಸ್ಪ್ರಿಂಗಿನ ಉಕ್ಕಿಗೆ ನೀರಿನ ಪೆಟ್ಟು ಹೆಚ್ಚಾಗುತ್ತದೆ, ಎಣ್ಣೆ ಬೇಕು. ಗೊತ್ತಿತ್ತು. ಎಣ್ಣೆ ದಂಡ ಎಂದು ಜಿಪುಣತನ ಮಾಡಿದ್ದೆ. ಎರಡನೆಯದನ್ನು ಎಣ್ಣೆಗೇ ಅದ್ದಿದೆ, ಆದರೆ ಅಡ್ಡಡ್ಡ ಮುಳುಗಿಸಿದೆ. ಬಾಳೆ ಎಲೆಯಂತೆ ಸೊಟ್ಟಗಾಯಿತು. ಮೂರನೆಯದಕ್ಕೆ ತಾಳ್ಮೆ ಬಂದಿತ್ತು. ಹಿತ್ತಲಲ್ಲಿ ಕತ್ತಲಾಗುವವರೆಗೆ ಕಾದೆ, ಬಿಸಿಲಲ್ಲಿ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ. ಒಲೆಗೆ ಗಾಳಿ ಹಾಕಲು ಮಗಳ ಕೂದಲು ಒಣಗಿಸುವ ಯಂತ್ರ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಆಗಾಗ ಮುಟ್ಟಿಸುತ್ತಿದ್ದೆ. ಅಂಟುವುದು ನಿಂತ ಮೇಲೆ ಇನ್ನೊಂದಿಷ್ಟು ಕಾಯಿಸಿ, ಬೆಚ್ಚಗೆ ಮಾಡಿಟ್ಟಿದ್ದ ಶೇಂಗಾ ಎಣ್ಣೆಗೆ ನೆಟ್ಟಗೆ, ಮೂತಿ ಕೆಳಗಾಗಿ ಇಳಿಸಿದೆ. ಬೆಂಕಿ ಭಗ್ ಎಂದಿತು, ಹುಬ್ಬಿನ ಅರ್ಧ ಹೋಯಿತು. ಎಣ್ಣೆ ಪಾತ್ರೆಯ ಮುಚ್ಚಳ ಹತ್ತಿರವೇ ಇಟ್ಟುಕೊಂಡಿರಿ. ತಣಿದ ಮೇಲೆ ಅರ ಹಾಕಿದರೆ ಗಾಜಿನ ಮೇಲೆ ಜಾರಿದಂತೆ ಜಾರಿತು.

ಅಷ್ಟು ಗಡಸಾದ ಅಲಗು ಚಕ್ಕೆ ಹಾರುತ್ತದೆ, ಹದ ಇಳಿಸಬೇಕು. ಕೇಕ್ ಮಾಡುವ ಓವನ್ನಿನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಟ್ಟೆ. ತಿಳಿ ಗೋಧಿಹುಲ್ಲಿನ ಬಣ್ಣ ಬಂತು. ಮನೆಯಲ್ಲಿ ವಾರವಿಡೀ ಕಮಟು ಎಣ್ಣೆಯ ವಾಸನೆ, ಕ್ರಿಸ್‌ಮಸ್ ರಜೆಗೆ ಮಗಳು ಮಾಡಿದ ಕೇಕಿನಲ್ಲೂ. ಈ ಖರ್ಚನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಕೀಸುಳಿಯ ಮೈಗೆ ಸಿಕ್ಕಿದ್ದು ಜಂಬೆ ಎಂಬ ಗಟ್ಟಿ ಮರ. ಪಕ್ಕದ ಊರಿನಲ್ಲಿ ಹಳೆಯ ಮನೆ ಕೆಡವುತ್ತಿದ್ದರು. ಹೊಗೆ ಕುಡಿದು ಕಪ್ಪಾದ ತೊಲೆಯ ಗಿಡ್ಡ ತುಂಡೊಂದನ್ನು ಆಳುಗಳಿಗೆ ಚಹಕ್ಕೆಂದು ₹200 ಕೊಟ್ಟು ತಂದೆ. ನಮ್ಮ ಅಜ್ಜನಿಗಿಂತ ಮೊದಲೇ ಒಣಗಿದ ಮರ, ಇನ್ನು ಸೊಟ್ಟಗಾಗಲು ಏನೂ ಉಳಿದಿರಲಿಲ್ಲ. ಗರಗಸದ ಹಲ್ಲು ಎರಡು ಸಲ ಹರಿತ ಮಾಡಿಸಬೇಕಾಯಿತು. ಇಡೀ ತುಂಡಿನಲ್ಲಿ ಗುಳಿ ತೋಡುವ ಸಾಹಸಕ್ಕೆ ನಾನು ಹೋಗಲಿಲ್ಲ. ತುಂಡಿನ ಎರಡು ಕೆನ್ನೆಗಳನ್ನು ಸೀಳಿ ತೆಗೆದು, ನಡುವಿನದನ್ನು ಓರೆಯಾಗಿ ಕತ್ತರಿಸಿ, ಮತ್ತೆ ಎಲ್ಲವನ್ನೂ ಅಂಟಿಸುವ ಕ್ರಮವಿದೆ. ಸ್ಟಾಕ್‌ಹೋಮ್‌ನಲ್ಲಿ ಕೆಲಸ ಕಲಿತು ಕ್ಯಾಲಿಫೋರ್ನಿಯಾದಲ್ಲಿ ಕಲಿಸಿದ ಜೇಮ್ಸ್ ಕ್ರೆನೋವ್ ಎಂಬ ಬಡಗಿಯಿಂದ ಅದು ಹವ್ಯಾಸಿಗಳ ನಡುವೆ ಪ್ರಸಿದ್ಧವಾಯಿತು. ಅದನ್ನೇ ಹಿಡಿದೆ. ಕೋನ ಗುರುತಿಸಲು ಶಾಲೆಯ ಕಪ್ಪುಹಲಗೆಯ ದೊಡ್ಡ ಮರದ ಕೋನಮಾಪಕವನ್ನು ಒಂದು ಶನಿವಾರ ಮನೆಗೆ ತಂದಿದ್ದೆ. ಹೆಡ್‌ಮಾಸ್ಟರು ಇದನ್ನು ಓದುವುದಿಲ್ಲ ಎಂಬ ನಂಬಿಕೆಯಿದೆ.

ಮೊದಲ ಸಲ ಅಂಟಿಸುವಾಗ ಕೆನ್ನೆಗಳು ಅಂಟಿನ ಮೇಲೆ ಜಾರಿ ಒಂದು ಮಿಲಿಮೀಟರ್ ಹಿಂದೆಮುಂದೆ ಕೂತವು. ಬಾಯಿ, ಅಂದರೆ ಅಲಗಿನ ಅಂಚು ಇಣುಕುವ ತಳದ ಸೀಳು, ಮೂರು ಮಿಲಿಮೀಟರ್ ತೆರೆದುಕೊಂಡಿತು. ಅಷ್ಟು ದೊಡ್ಡ ಬಾಯಿ ಇದ್ದರೆ 55 ಡಿಗ್ರಿಯಿದ್ದೂ ಅರ್ಧ ಫಲ, ಅಲಗಿನ ಮುಂದೆ ಎಳೆಯನ್ನು ಅದುಮಿ ಹಿಡಿಯುವವರೇ ಇರುವುದಿಲ್ಲ. ಅದನ್ನು ಒಡೆದು ಹಾಕಿ ಎರಡನೆಯ ಸಲ ಮೊದಲು ಅಂಟಿಲ್ಲದೆಯೇ ಜೋಡಿಸಿ, ನಾಲ್ಕು ಮೂಲೆಗೂ ಬಿದಿರಿನ ಕಡ್ಡಿ ಹೊಡೆದು, ಆಮೇಲೆ ಬಿಚ್ಚಿ ಎಪಾಕ್ಸಿ ಹಚ್ಚಿದೆ. ಜಾರಲಿಲ್ಲ. ಬಾಯನ್ನು ಮುಚ್ಚಿದಂತೆಯೇ ಇಟ್ಟು, ಅರದಿಂದ ಸ್ವಲ್ಪಸ್ವಲ್ಪವೇ ತೆರೆದು ಅಂಚೆ ಕಾರ್ಡಿನ ದಪ್ಪಕ್ಕೆ ನಿಲ್ಲಿಸಿದೆ. ಅಲಗನ್ನು ಬಿಗಿಹಿಡಿಯುವ ಬೆಣೆಯ ಓರೆ ಎಷ್ಟಿರಬೇಕೆಂದು ಇಲ್ಲಿ ಬರೆಯುವುದಿಲ್ಲ, ಏಳು ಬೆಣೆ ಹಾಳು ಮಾಡಿ ಕಂಡುಕೊಂಡದ್ದು. ತಳಕ್ಕೆ ಎಲ್ಲರೂ ಮೇಣದ ಬತ್ತಿ ಉಜ್ಜುತ್ತಾರೆ, ನಾನು ಬೇರೆ ಒಂದನ್ನು ಉಜ್ಜುತ್ತೇನೆ. ಅದೂ ಇರಲಿ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಎಪಾಕ್ಸಿ ₹180, ಗಾಜಿನ ಅಂಗಡಿಯ ದಪ್ಪ ಗಾಜಿನ ತುಂಡು ₹150, ನೀರು ಹಾಕಿ ಉಜ್ಜುವ ಕಾಗದ ಐದು ಹಾಳೆ ನೂರು ರೂಪಾಯಿ. ಎಲ್ಲ ಕೂಡಿಸಿದರೆ ಸಾವಿರದ ಐವತ್ತು. ಆರು ಮಿಲಿಮೀಟರಿನ ಅಲಗು, ಹರಿತ ಮಾಡುವಾಗ ಭುಜ ಬಿದ್ದುಹೋಗುತ್ತದೆ. ಕೊನೆಗೆ ಹಳೆಯ ಬೆಲ್ಟಿನ ಚರ್ಮಕ್ಕೆ ಪಾಲಿಶ್ ಸವರಿ ಎಳೆಯುವುದು. ತೋಳಿನ ಕೂದಲು ಹೋದರೆ ಸಾಕು ಎನ್ನುವವರಿದ್ದಾರೆ. ಸಾಲದು. ಮೆದು ಮರದ ಅಡ್ಡ ತುದಿಯನ್ನು ಹಿಟ್ಟಾಗದಂತೆ ಸೀಳಬೇಕು.

ಆ ಭಾನುವಾರ ಮುಚ್ಚಳದ ಹಲಗೆಯನ್ನು ಮತ್ತೆ ಬೆಂಚಿನ ಮೇಲಿಟ್ಟೆ. ಅಲಗಿನ ತಲೆಗೆ ಪುಟ್ಟ ಸುತ್ತಿಗೆಯಿಂದ ಒಂದು ತಟ್ಟು, ಏನೂ ಬರಲಿಲ್ಲ. ಇನ್ನೊಂದು ತಟ್ಟು, ದೂಳು. ಮೂರನೆಯದಕ್ಕೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹಳದಿ ಪಟ್ಟಿ ಬಾಯಿಂದ ಹೊರಬಂದು ಕೈಬೆರಳ ಮೇಲೆ ಬಿತ್ತು. ಕಷ್ಟವಿದೆ, 45 ಡಿಗ್ರಿಯದ್ದಕ್ಕಿಂತ ಹೆಚ್ಚು ನೂಕಬೇಕು. ಆದರೆ ಗಂಟಿನ ಸುತ್ತಲೂ, ಎಳೆ ತಿರುಗುವ ಕಡೆಯೂ ಒಂದೇ ಸದ್ದು, ಹೊಸ ಸೀರೆಯ ಮಡಿಕೆ ಬಿಚ್ಚಿದ ಹಾಗೆ. ಹಲಗೆಯನ್ನು ಬಾಗಿಲ ಬೆಳಕಿಗೆ ವಾಲಿಸಿದೆ. ಪಟ್ಟಿಗಳು ಓಡಾಡಿದವು. ಮನೆಯವರನ್ನೆಲ್ಲ ಕೂಗಿ ತೋರಿಸಿದೆ, ಹಾಲು ತರುವ ಹುಡುಗನನ್ನೂ.

ಉದುರಿದ ಸುರುಳಿಯನ್ನು ಎಸೆಯಲು ಮನಸ್ಸಾಗದೆ ಇನ್ನೊಂದು ಕಿತಾಪತಿ ಮಾಡಿದೆ. ಹಲಸಿನ ಮರದ ಒಳತಿರುಳಿನಿಂದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ, ಬೌದ್ಧ ಭಿಕ್ಷುಗಳು ಹೊದೆಯುವ ಚೀವರಕ್ಕೆ ಬಳಸುತ್ತಿದ್ದುದೂ ಇದೇ. ಒಂದು ಬುಟ್ಟಿ ಸುರುಳಿಯನ್ನು ಹಂಡೆಯಲ್ಲಿ ಕುದಿಸಿ, ಪಟಿಕದ ನೀರಲ್ಲಿ ನೆನೆಸಿದ್ದ ಹಳೆಯ ಪಂಚೆಯನ್ನು ಅದ್ದಿದೆ. ಸೊಗಸಾದ ಬಣ್ಣ ಬಂತು. ಅದೇ ಉತ್ಸಾಹದಲ್ಲಿ ಡೆಸ್ಕಿಗೆ ಹೊಂಗೆ ಎಣ್ಣೆ ಬಳಿದದ್ದು ಮಾತ್ರ ದಡ್ಡತನ. ಆ ಎಣ್ಣೆ ಗಟ್ಟಿಯಾಗುವುದೇ ಇಲ್ಲ. ತಿಂಗಳಾದರೂ ಅಂಟಂಟು, ನೊಣಗಳಿಗೆ ಹಬ್ಬ. ಒರೆಸಿ, ಮತ್ತೊಮ್ಮೆ ಕೀಸಿ, ಅಗಸೆ ಎಣ್ಣೆ ತೆಳುವಾಗಿ ಮೂರು ಸಲ ಹಚ್ಚಿದೆ. ಈಗ ಬಿಸಿಲು ಬೀಳುವ ಮಗ್ಗುಲು ಜೇನಿನ ಬಣ್ಣಕ್ಕೆ ತಿರುಗಿದೆ, ಪುಸ್ತಕ ಇಟ್ಟಿದ್ದ ಜಾಗ ಇನ್ನೂ ಹಳದಿ.

ಭಾನುವಾರಗಳಲ್ಲಿ ಈಗ ಒಂಬತ್ತನೆಯ ತರಗತಿಯ ಮೂವರು ಬರುತ್ತಾರೆ. ಇಬ್ಬರು ಹುಡುಗರಿಗೆ ಸುತ್ತಿಗೆಯ ಮೇಲೆಯೇ ಪ್ರೀತಿ. ಹುಡುಗಿಗೆ ಕಿವಿಯಿದೆ. ನಾನು ಕೀಸುತ್ತಿರುವಾಗ ಕಸ ಗುಡಿಸುತ್ತಿದ್ದವಳು ತಲೆಯೆತ್ತದೆಯೇ, "ಸರ್, ಅಲಗು ಮೊಂಡಾಯಿತು" ಎಂದಳು. ನನಗೆ ಗೊತ್ತಾಗಿರಲಿಲ್ಲ. ತೆಗೆದು ನೋಡಿದರೆ ಅಂಚಿನಲ್ಲಿ ಬಿಳಿ ಗೆರೆ. ಹರಿತ ಮಾಡುವ ಕೆಲಸ ಅಂದಿನಿಂದ ಅವಳದ್ದು.

ಆಚಾರ್ರಿಗೆ ಡೆಸ್ಕನ್ನು ತೋರಿಸಿದೆ. ಅವರು ಹಲಗೆಯನ್ನು ನೋಡಲೇ ಇಲ್ಲ, ಕೀಸುಳಿಯನ್ನು ಬೋರಲು ಹಾಕಿ ಬಾಯಿ ನೋಡಿದರು, ಉಗುರು ತೂರಿಸಿ ನೋಡಿದರು. "ಮಳೆಗಾಲಕ್ಕೆ ಹಿಡಿದುಕೊಳ್ಳುತ್ತದೆ" ಎಂದರು. ಜುಲೈನಲ್ಲಿ ಹಿಡಿದುಕೊಂಡಿತು. ಬೆಣೆ ಉಬ್ಬಿ, ಬಿಡಿಸಲು ಕೊಡತಿಯೇ ಬೇಕಾಯಿತು. ಈ ಮಾತನ್ನು ಅವರಿಗೆ ಹೇಳಿಲ್ಲ.

ಕಳೆದ ತಿಂಗಳು ಅವರ ಮಗ ಎರಡು ಹಲಸಿನ ಹಲಗೆ ತಂದು ಕೊಟ್ಟಿಗೆಯ ಗೋಡೆಗೆ ಒರಗಿಸಿ ಹೋದ. ದೇವರ ಮಂಟಪದ ಬಾಗಿಲಿಗಂತೆ, ನಯವಾಗಬೇಕಂತೆ. ಅಪ್ಪ ಏನಾದರೂ ಹೇಳಿದರೇ ಎಂದೆ, ಇಲ್ಲ ಎಂದ. ಮೊದಲನೆಯದು ಅರ್ಧ ತಾಸಿನಲ್ಲಿ ಮುಗಿಯಿತು. ಎರಡನೆಯದರ ನಡುವೆ ಹೋಗುವಾಗ ಕಟಕ್ ಎಂದಿತು. ತಲೆ ಮುರಿದ ಹಳೆಯ ಮೊಳೆ, ಮೇಲೆ ಮೇಣ ತುಂಬಿತ್ತು. ಅಲಗಿನಲ್ಲಿ ಅಕ್ಕಿ ಕಾಳಿನಷ್ಟು ಮುಕ್ಕು.

ಹಲಗೆಯನ್ನು ಹೊತ್ತುಕೊಂಡೇ ಅವರ ಮನೆಗೆ ಹೋದೆ. ಆಚಾರ್ರು ಮೊಳೆಯನ್ನು ನೋಡಿದರು, ಆಮೇಲೆ ಕೀಸಿದ ಭಾಗದ ಮೇಲೆ ಅಂಗೈ ಇಟ್ಟು ಎರಡು ಸಲ ಸವರಿದರು. "ಅದು ಹಳೆಯ ಕಿಟಕಿಯ ಹಲಗೆ ಮೇಷ್ಟ್ರೇ, ಮೊಳೆ ಇಲ್ಲದೆ ಇರುತ್ತದೆಯೇ" ಎಂದರು. ಹುಡುಗಿ ಆ ಮುಕ್ಕು ತೆಗೆಯಲು ಮೂರು ಸಂಜೆಯಿಂದ ಗಾಜಿನ ಮೇಲೆ ತಿಕ್ಕುತ್ತಿದ್ದಾಳೆ, ಇನ್ನೂ ಕಾಲು ಭಾಗ ಉಳಿದಿದೆ.