ಮಗಳನ್ನು ಹದಿನಾರಕ್ಕೇ ಕಾಲೇಜಿಗೆ ಕಳಿಸಿದ್ದು

ಮಗಳು ಹತ್ತನೇ ಕ್ಲಾಸು ಮುಗಿಸುವಷ್ಟರಲ್ಲಿ ಅವಳ ಸ್ಕೂಲಿನಲ್ಲಿದ್ದ ಗಣಿತದ ಕೋರ್ಸುಗಳೆಲ್ಲ ಖಾಲಿಯಾಗಿದ್ದವು. "ಅಮ್ಮಾ, ಮುಂದಿನ ವರ್ಷ ನಾನು ಓದೋದೇನು?" ಅಂದಳು.

ನಾವಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಪಕ್ಕ. ಇಲ್ಲಿನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನಲ್ಲಿ 1977ರಿಂದಲೂ ಚುರುಕು ಮಕ್ಕಳಿಗೆ ಬೇರೆಯದೇ ದಾರಿ ಇದೆ. ಏಳು, ಎಂಟನೇ ಕ್ಲಾಸಾದ ಮೇಲೆ ಒಂದು ವರ್ಷ ಯೂನಿವರ್ಸಿಟಿಗೆ ತಯಾರು ಮಾಡುವ ಟ್ರಾನ್ಸಿಷನ್ ಸ್ಕೂಲು, ಆಮೇಲೆ ನೇರ ಯೂನಿವರ್ಸಿಟಿ. ಎಂಟರಲ್ಲಿದ್ದಾಗ ಅದನ್ನೂ ಯೋಚಿಸಿದ್ದೆವು. ಗೆಳತಿಯರನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ, ನಾವು ಒತ್ತಾಯ ಮಾಡಲಿಲ್ಲ. ಅದು ಸರಿಯಾದ ನಿರ್ಧಾರ ಅಂತ ಈಗಲೂ ಅನಿಸುತ್ತದೆ.

ಕೊನೆಗೆ ಹಿಡಿದದ್ದು ರನ್ನಿಂಗ್ ಸ್ಟಾರ್ಟ್ ಅನ್ನುವ ಇಲ್ಲಿನ ರಾಜ್ಯದ ಯೋಜನೆ. 1990ರ ಕಾನೂನಿನಿಂದ ಬಂದದ್ದು. 11, 12ನೇ ಕ್ಲಾಸಿನವರು ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಊರಿನ ಸರ್ಕಾರಿ ಕಾಲೇಜಿನಲ್ಲಿ, ಪಾಠಕ್ಕೆ ಕೂರಬಹುದು. ಅಲ್ಲಿ ಪಾಸಾದದ್ದು ಹೈಸ್ಕೂಲಿಗೂ ಲೆಕ್ಕ, ಡಿಗ್ರಿಗೂ ಲೆಕ್ಕ. ಒಂದು ಮಿತಿಯವರೆಗೆ ಟ್ಯೂಷನ್ ಫೀಸಿಲ್ಲ. ಪುಸ್ತಕ, ಲ್ಯಾಬ್ ಫೀಸು ನಮ್ಮದು. ಬಸ್ಸಿನ ಖರ್ಚೂ ಇಲ್ಲ, 2022ರಿಂದ ಇಲ್ಲಿ 18 ವರ್ಷದವರೆಗೆ ಬಸ್ಸು ಫ್ರೀ.

ಊರಿಗೆ ಫೋನ್ ಮಾಡಿ ಹೇಳಿದರೆ ನಮ್ಮಮ್ಮ, "ಅದರಲ್ಲೇನೇ ವಿಶೇಷ? ಎಸ್ಸೆಸ್ಸೆಲ್ಸಿ ಆದ್ಮೇಲೆ ನೀನೂ ಕಾಲೇಜಿಗೇ ಹೋಗ್ಲಿಲ್ವಾ?" ಅಂದರು. ನಿಜ, ಆದರೆ ಪಿಯುಸಿಯಲ್ಲಿ ನನ್ನ ಪಕ್ಕ ಕೂತವರೆಲ್ಲ ನನ್ನ ವಯಸ್ಸಿನವರೇ. ಮಗಳ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವಳ ಜೊತೆಗಿದ್ದವರು ನರ್ಸಿಂಗ್ ಓದಬೇಕೆಂದು ಮತ್ತೆ ಕಾಲೇಜು ಸೇರಿದ, ಎರಡು ಮಕ್ಕಳ ತಾಯಿ.

ಮೊದಲ ಕ್ವಾರ್ಟರಿಗೆ (ಕಾಲೇಜಿನ ಒಂದು ಅವಧಿ) ಎರಡೇ ಕೋರ್ಸು ಅಂತ ಹೈಸ್ಕೂಲಿನ ಕೌನ್ಸಿಲರ್ ಹೇಳಿದರು. ಪ್ರತಿ ಕ್ವಾರ್ಟರಿಗೂ ಒಂದು ಫಾರ್ಮಿಗೆ ಅವರ ಸಹಿ ಬೇಕು, ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಇಲ್ಲಿ ಐದು ಕ್ರೆಡಿಟ್ಟಿನ ಕಾಲೇಜು ಕೋರ್ಸು ಅಂದರೆ ಹೈಸ್ಕೂಲಿನ ಒಂದು ಇಡೀ ವರ್ಷದ ವಿಷಯಕ್ಕೆ ಸಮ. ಅದು ಹನ್ನೊಂದು ವಾರದೊಳಗೆ ಮುಗಿದುಹೋಗುತ್ತದೆ. ಒಂದು ವಾರ ಜ್ವರ ಬಂದು ಮಲಗಿದರೂ ಹಿಂದೆ ಬೀಳುತ್ತಾರೆ.

ಅವಳೂ ಹಿಂದೆ ಬಿದ್ದಳು. ಕೆಮಿಸ್ಟ್ರಿಯ ಮೊದಲ ಮಿಡ್‌ಟರ್ಮಿನಲ್ಲಿ ನೂರಕ್ಕೆ 58. ಅವಳಿಗೆ ಅಷ್ಟು ಕಡಿಮೆ ಹಿಂದೆಂದೂ ಬಂದಿರಲಿಲ್ಲ. ನನಗೆ ಹೇಳಲಿಲ್ಲ, ಊಟ ಸರಿಯಾಗಿ ಮಾಡಲಿಲ್ಲ. ನಾನು ಕಾಲೇಜಿಗೆ ಫೋನ್ ಮಾಡಿದೆ. ಅವರು ಮರ್ಯಾದೆಯಿಂದಲೇ ಹೇಳಿದರು: "ವಿದ್ಯಾರ್ಥಿಯ ಅನುಮತಿ ಇಲ್ಲದೆ ಏನೂ ಹೇಳೋ ಹಾಗಿಲ್ಲ." 1974ರ ಕಾನೂನು. ಕಾಲೇಜಿಗೆ ಸೇರಿದ ಮೇಲೆ ಓದಿನ ದಾಖಲೆಯ ಹಕ್ಕು ಮಕ್ಕಳದೇ, ವಯಸ್ಸು ಹದಿನಾರಾದರೂ ಸರಿ. ಫೋನ್ ಇಟ್ಟ ಮೇಲೆ ತುಂಬ ಹೊತ್ತು ಅಡುಗೆಮನೆಯಲ್ಲೇ ನಿಂತಿದ್ದೆ.

ಅವತ್ತು ರಾತ್ರಿ ಅವಳೇ ಬಂದು ಹೇಳಿದಳು. ಕೋರ್ಸು ಬಿಡಲು ಇನ್ನು ಎಂಟು ದಿನ ಟೈಮಿತ್ತು. ಬಿಡುವುದಾ, ಮುಂದುವರಿಸುವುದಾ ಅಂತ ಕೇಳಿದಳು. ನಾನು ಉತ್ತರ ಕೊಡದೆ, "ಪ್ರೊಫೆಸರ್ ಹತ್ರ ಹೋಗಿ ಕೇಳಿದ್ಯಾ?" ಅಂದೆ. ಇಲ್ಲ. ಈಮೇಲ್ ಬರೆಯಲು ಕೂತವಳು ಮೂರು ಸಾಲಿಗೆ ಮುಕ್ಕಾಲು ಗಂಟೆ ತೆಗೆದುಕೊಂಡಳು. ನಾನು ತಿದ್ದಲಿಲ್ಲ, ಕೈ ತುರಿಸುತ್ತಿತ್ತು ಆದರೂ. ಪ್ರೊಫೆಸರ್ ವಿದ್ಯಾರ್ಥಿಗಳಿಗೆಂದೇ ಇಟ್ಟ ಆಫೀಸ್ ಅವರ್‌ಗೆ ಹೋಗಿ, ತಪ್ಪಾದ ಲೆಕ್ಕಗಳನ್ನೆಲ್ಲ ಬೋರ್ಡಿನ ಮೇಲೆ ಮಾಡಿ ಬಂದಳು. ಅಲ್ಲಿಂದ ಮುಂದೆ ಪ್ರತಿ ವಾರ ಹೋದಳು. ಕೊನೆಗೆ 4ಕ್ಕೆ 3.1 ಗ್ರೇಡು ಬಂತು.

ಆ 3.1 ಅವಳ ಕಾಲೇಜು ದಾಖಲೆಯಲ್ಲಿ ಯಾವತ್ತೂ ಇರುತ್ತದೆ. ಮುಂದೆ ಮೆಡಿಕಲ್‌ಗೆ ಅರ್ಜಿ ಹಾಕಿದರೂ ತೋರಿಸಲೇಬೇಕು. ಇದನ್ನು ನನ್ನ ಪರಿಚಯದ ಅಪ್ಪ ಅಮ್ಮಂದಿರಿಗೆ ಮೊದಲೇ ಹೇಳುತ್ತೇನೆ. ಕ್ರೆಡಿಟ್ಟುಗಳದ್ದೂ ಅಷ್ಟೇ. ಇದೇ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಸಾಮಾನ್ಯವಾಗಿ ನಡೆಯುತ್ತವೆ, ಹೊರಗಿನ ಖಾಸಗಿ ಕಾಲೇಜುಗಳು ಎಲ್ಲವನ್ನೂ ಒಪ್ಪುವುದಿಲ್ಲ. ಹಣ ಉಳಿಯುತ್ತೆ ಅಂತ ಸುಮ್ನೆ ಜಾಸ್ತಿ ಕೋರ್ಸು ತುಂಬಿಸಬೇಡಿ. ಮಗುವಿಗೆ ಓದುವ ಹಸಿವಿದ್ದರೆ ಮಾತ್ರ ಕಳಿಸಿ.

ಈಗ ಅವಳು ಹನ್ನೆರಡನೇ ಕ್ಲಾಸು. ಬೆಳಗ್ಗೆ ಮೊದಲ ಪೀರಿಯಡ್ಡು ಹೈಸ್ಕೂಲಿನಲ್ಲಿ ಆರ್ಕೆಸ್ಟ್ರಾ, ವಯಲಿನ್ ಬಿಡಲ್ಲ ಅಂತ ಅವಳೇ ಹಟ ಹಿಡಿದದ್ದು. ಅದು ಮುಗಿದ ಕೂಡಲೇ ವಯಲಿನ್ ಹೆಗಲಿಗೆ ಹಾಕಿಕೊಂಡು ಕಾಲೇಜಿನ ಬಸ್ಸು ಹತ್ತುತ್ತಾಳೆ.