ಸ್ನೋ ಬ್ಲೋವರ್, ಹದಿನೇಳು ಬೋಲ್ಟು ಮತ್ತು ನಾನು

2022ರ ನವೆಂಬರ್ 18, ಶುಕ್ರವಾರ ಬೆಳಿಗ್ಗೆ. ನಮ್ಮ ಹಿತ್ತಲಿಗೆ ಐದು ಮೆಟ್ಟಿಲು, ಅವತ್ತು ಕಂಡದ್ದು ಒಂದೇ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋದಿಂದ ದಕ್ಷಿಣಕ್ಕೆ ನಾವಿರುವ ಕಡೆ ಗುರುವಾರ ರಾತ್ರಿ ಹಿಡಿದ ಸ್ನೋ ಭಾನುವಾರದವರೆಗೂ ಬಿಡಲಿಲ್ಲ. ಆರ್ಚರ್ಡ್ ಪಾರ್ಕ್ ಅನ್ನುವ ಊರಿನಲ್ಲಿ 80 ಇಂಚು ಅಳೆದರು, ಅಂದರೆ ಆರೂವರೆ ಅಡಿ ದಾಟಿತು. ನಮ್ಮ ರಸ್ತೆಗೆ ಪ್ರತಿವರ್ಷ ಬರುವ, ಸ್ನೋ ತಳ್ಳುವ ಪ್ಲೋ ಟ್ರಕ್ಕು ಮೂರನೇ ಮನೆಯ ಮುಂದೆ ಹೂತುಕೊಂಡಿತು. ಅದರ ಡ್ರೈವರ್ ನಮ್ಮ ಮನೆಗೆ ಬಂದು ಚಹಾ ಕುಡಿದು, ಗ್ಯಾರೇಜಿನಲ್ಲಿದ್ದ, ಸ್ನೋ ಒಳಗೆಳೆದು ದೂರ ಎಸೆಯುವ ನನ್ನ ಬ್ಲೋವರನ್ನು ಒಂದು ಸುತ್ತು ನೋಡಿ, "ಇದು ಇನ್ನೂ ಓಡ್ತದಾ?" ಅಂದ. ನಾಲ್ಕು ವರ್ಷದ ಹಿಂದೆ "ಇದು ನಡೆಯೋ ಮಾತಲ್ಲ" ಅಂದವನೂ ಅವನೇ. ಆ ನಾಲ್ಕು ದಿನದಲ್ಲಿ ನನ್ನ ಡ್ರೈವ್‌ವೇ, ಅಕ್ಕಪಕ್ಕದ ಎರಡು ಮನೆಯದು, ಕೊನೆಗೆ ಅವನ ಟ್ರಕ್ಕಿನ ಸುತ್ತ, ಎಲ್ಲ ತೆಗೆದೆ. ಬೋಲ್ಟು ಮುರಿದದ್ದು ಒಂದೇ, ಮೊದಲ ಚಳಿಗಾಲದಲ್ಲಿ ಹದಿನೇಳು ಮುರಿದಿದ್ದವು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು 350 ಅಡಿ ಜಲ್ಲಿ ಡ್ರೈವ್‌ವೇ, ಕೊನೆಯಲ್ಲಿ ಸ್ವಲ್ಪ ಏರು. ಮನೆ ತಗೊಂಡ ಮೊದಲ ವರ್ಷ ಪ್ಲೋ ಟ್ರಕ್ಕಿಗೆ ಸೀಸನ್ನಿಗೆ 800 ಡಾಲರ್ ಹತ್ತಿರ ಕೊಟ್ಟೆ. ಅವನು ಸ್ನೋ ಜೊತೆ ಜಲ್ಲಿಯನ್ನೂ ಹುಲ್ಲಿನ ಮೇಲೆ ತಳ್ಳಿ ಹೋಗುತ್ತಿದ್ದ, ಏಪ್ರಿಲ್‌ನಲ್ಲಿ ಬುಟ್ಟಿ ಹಿಡಿದು ಆರಿಸುವುದು ನನ್ನ ಕೆಲಸ. ಹುಲ್ಲು ಕೊಯ್ಯಲು ಅಂತ ತಂದಿದ್ದ ಟ್ರ್ಯಾಕ್ಟರ್ ಮನೆಯಲ್ಲಿತ್ತು: 33 ಎಚ್‌ಪಿ, ಕಟ್ಟಿದ ಯಂತ್ರವನ್ನು ತಿರುಗಿಸುವ ಪಿಟಿಒ ಹತ್ತಿರ ಸಿಗುವುದು 26 ಇರಬಹುದು. ಹಿಂದಿನ ಟೈರುಗಳ ಹೊರ ಅಂಚಿನ ಅಳತೆ ಐದಡಿ ಮೇಲೆ ಸ್ವಲ್ಪ. ಹಾಗಾಗಿ ಐದೂವರೆ ಅಡಿಯ ಹಳೇ ಬ್ಲೋವರ್, ಹಿಂದಿನ ತ್ರೀ ಪಾಯಿಂಟಿಗೆ (ಯಂತ್ರ ಎತ್ತಿ ಇಳಿಸುವ ಮೂರು ತೋಳಿನ ಕೊಂಡಿಗೆ) ಕಟ್ಟುವಂಥದ್ದು, 1,900 ಡಾಲರಿಗೆ ತಂದೆ. ಹೊಸದು ಅದರ ಎರಡರಷ್ಟು ದಾಟುತ್ತಿತ್ತು.

ಎಲ್ಲರೂ ನಕ್ಕರು. ಮುಂದೆ ಕಟ್ಟುವ ಬ್ಲೋವರ್ ಬೇಕು, ಹಿಂದಕ್ಕೆ ಓಡಿಸಿ ಕತ್ತು ತಿರುಚಿಕೊಳ್ಳುತ್ತೀಯ, 26 ಎಚ್‌ಪಿಗೆ ಒದ್ದೆ ಸ್ನೋ ಎತ್ತಲಾಗದು, ಜಲ್ಲಿ ಮೇಲಂತೂ ಬೇಡವೇ ಬೇಡ. ಹಾವೇರಿಯಲ್ಲಿರುವ ಅಪ್ಪನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದರೆ, "ಏನ್ ತಮ್ಮಾ, ಹಿಮಾ ಹರಗಾಕ ರೋಟವೇಟರ್ ತಗೊಂಡೇನು?" ಅಂದ. ಅಪ್ಪನ ಮಾತೇ ಹೆಚ್ಚು ಸರಿ. ರೋಟವೇಟರ್ ಓಡಿಸಿದವನಿಗೆ ಇದರಲ್ಲಿ ಹೊಸದೇನೂ ಇಲ್ಲ ಅಂದುಕೊಂಡೇ ನಾನು ಕೆಟ್ಟೆ.

ಮೊದಲ ಚಳಿಗಾಲ ಹದಿನೇಳು ಶಿಯರ್ ಬೋಲ್ಟು ಮುರಿದೆ. ಯಂತ್ರಕ್ಕೆ ಏನಾದರೂ ಸಿಕ್ಕಿಕೊಂಡರೆ ಗೇರ್‌ಬಾಕ್ಸು ಉಳಿಸಲು ತಾನು ಮುರಿಯುವ ಬೋಲ್ಟು ಅದು. ಒಂದರ ಬೆಲೆ ಎರಡು ಡಾಲರ್ ಇದ್ದೀತು. ದುಡ್ಡಿನ ಮಾತಲ್ಲ, ಮೈನಸ್ ಹತ್ತು ಸೆಲ್ಸಿಯಸ್ಸಿನಲ್ಲಿ ಮಂಡಿಯೂರಿ, ಕೈಗವಸು ತೆಗೆದು, ಮುರಿದ ತುಂಡನ್ನು ಪಂಚಿನಿಂದ ಹೊರಗೆ ಹೊಡೆಯಬೇಕಲ್ಲ, ಅದು. ಎರಡು ಮುರಿದದ್ದು ಸ್ನೋ ಕೆಳಗೆ ಹೂತಿದ್ದ ದಿನಪತ್ರಿಕೆಗೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎಸೆದ ಪೇಪರ್ ನೀರು ಕುಡಿದು ಹೆಪ್ಪುಗಟ್ಟಿದರೆ ಸೌದೆ ತುಂಡಿಗೆ ಸಮ. ಒಂದು ನಮ್ಮದೇ ಕಾಲೊರಸುವ ಚಾಪೆಗೆ. ಉಳಿದದ್ದೆಲ್ಲ ಜಲ್ಲಿಗೆ ಮತ್ತು ಬೆಳಗಿನ ಅವಸರಕ್ಕೆ.

ಬೆಳಗಿನ ಅವಸರ ಅಂದೆ. ರಾತ್ರಿ ಕೆಲಸ ಮುಗಿಸಿ ಹಾಗೇ ಗ್ಯಾರೇಜಿಗೆ ಹಾಕಿದರೆ, ಸ್ನೋ ಎಸೆಯುವ ಫ್ಯಾನಿನ ಗೂಡಿನಲ್ಲಿ ಉಳಿದ ಸ್ನೋ ಕರಗಿ ತಳಕ್ಕಿಳಿದು, ಬೆಳಿಗ್ಗೆಯಷ್ಟೊತ್ತಿಗೆ ಐಸಾಗಿ ಫ್ಯಾನಿನ ರೆಕ್ಕೆಯನ್ನು ಕಚ್ಚಿ ಹಿಡಿದಿರುತ್ತದೆ. ನಾನು ಚಾವಿ ತಿರುಗಿಸಿ, ರೇಸ್ ಕೊಟ್ಟು, ಪಿಟಿಒ ಹಾಕುತ್ತಿದ್ದೆ. ಟಕ್. ಮುಗಿಯಿತು. ಈಗ ಕೆಲಸ ಮುಗಿದ ಮೇಲೆ ಹೊರಗೇ ನಿಂತು ಒಂದೆರಡು ನಿಮಿಷ ಖಾಲಿ ಓಡಿಸುತ್ತೇನೆ. ಬೆಳಿಗ್ಗೆ ಚಾವಿ ಜೇಬಿನಲ್ಲಿಟ್ಟುಕೊಂಡು, ಕೋಲಿನಿಂದ ಫ್ಯಾನನ್ನು ಒಂದು ಸುತ್ತು ತಿರುಗಿಸಿ ನೋಡುತ್ತೇನೆ. ತಿರುಗದಿದ್ದರೆ ಬಿಸಿನೀರು. ಪಿಟಿಒ ಹಾಕುವಾಗ ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸಿನಲ್ಲಿರಬೇಕು, ಆಮೇಲೆ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುವವರೆಗೆ ನಿಧಾನಕ್ಕೆ ರೇಸ್ ಏರಿಸಬೇಕು.

ಹದಿನೇಳನೆಯದು ಮುರಿದ ದಿನ ತಲೆ ಕೆಟ್ಟು, ಡಬ್ಬಿಯಲ್ಲಿದ್ದ ಗಟ್ಟಿ ಬೋಲ್ಟು ಹಾಕಿದೆ, ಗ್ರೇಡ್ 8. ಎರಡು ವಾರ ಏನೂ ಆಗಲಿಲ್ಲ, ಮೀಸೆ ತಿರುವಿಕೊಂಡು ಓಡಾಡಿದೆ. ಫೆಬ್ರವರಿಯಲ್ಲಿ ಒಂದು ದಿನ ರಸ್ತೆ ಬದಿಯ ದಿಬ್ಬಕ್ಕೆ ಹಿಂದಕ್ಕೆ ನುಗ್ಗಿಸಿದಾಗ ಹಲ್ಲಿನ ಕೆಳಗೆ ಕಲ್ಲುಸಕ್ಕರೆ ಅರೆದಂತೆ ಸದ್ದು ಬಂತು. ಇಳಿದು ನೋಡಿದರೆ ಬಿಳಿ ಸ್ನೋ ಮೇಲೆ ಜೇನುತುಪ್ಪದ ಬಣ್ಣದ ಎಣ್ಣೆ. ಗೇರ್‌ಬಾಕ್ಸಿನ ಕವಚ ಸೀಳಿತ್ತು. 700 ಡಾಲರ್, ಮೂರು ವಾರ, ಮತ್ತೆ ಅದೇ ಪ್ಲೋ ಟ್ರಕ್ಕಿಗೆ ಫೋನು. ಮುರಿಯಲಿ ಅಂತಲೇ ಇಟ್ಟ ಬೋಲ್ಟು ಅದು, ಕಂಪನಿ ಹೇಳಿದ್ದನ್ನೇ ಹಾಕಿ. ಇನ್ನೊಂದು: ಬೋಲ್ಟು ಸರಿಯಾದದ್ದೇ ಇದ್ದರೂ, ಸ್ನೋ ಒಳಕ್ಕೆಳೆಯುವ ಆಗರ್ ಸುರುಳಿ ಶಾಫ್ಟಿಗೆ ತುಕ್ಕು ಹಿಡಿದು ಅಂಟಿದ್ದರೆ, ಬೋಲ್ಟು ಮುರಿದರೂ ಸುರುಳಿ ಬಿಡುವುದಿಲ್ಲ. ವರ್ಷಕ್ಕೊಮ್ಮೆ ಬೋಲ್ಟು ಕಳಚಿ, ಗ್ರೀಸ್ ಹೊಡೆದು, ಸುರುಳಿಯನ್ನು ಕೈಯಲ್ಲೇ ಗರಗರ ತಿರುಗಿಸಿ ನೋಡಬೇಕು. ನನ್ನದು ಅಂಟಿಕೊಂಡಿತ್ತು. ಹಳೇ ಮಾಲೀಕ ಅದನ್ನು ಒಮ್ಮೆಯೂ ಕಳಚಿರಲಿಕ್ಕಿಲ್ಲ.

ಪಿಟಿಒದಿಂದ ಬ್ಲೋವರಿಗೆ ಹೋಗುವ ಶಾಫ್ಟ್ ಅಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆ; ಅದನ್ನು ನನ್ನ ಟ್ರ್ಯಾಕ್ಟರಿನ ಅಳತೆಗೆ ಕತ್ತರಿಸಿದ್ದರಲ್ಲೂ ಒಂದು ಪಾಠವಾಯಿತು. ಬ್ಲೋವರನ್ನು ನೆಲಕ್ಕೆ ಇಳಿಸಿದಾಗ ಅಳೆದೆ, ಪೂರ್ತಿ ಎತ್ತಿದಾಗ ಅಳೆದೆ, ಸರಿಯಿತ್ತು. ನಡುವೆ ಒಂದು ಕಡೆ ಶಾಫ್ಟ್ ನೆಟ್ಟಗೆ ನಿಲ್ಲುತ್ತದೆ ನೋಡಿ, ಅಲ್ಲಿ ಅದು ಎಲ್ಲಕ್ಕಿಂತ ಗಿಡ್ಡ. ಅಲ್ಲಿ ನಾನು ಅಳೆದಿರಲಿಲ್ಲ. ಒಳಕೊಳವೆ ಹೊರಕೊಳವೆಯ ತಳಕ್ಕೆ ಗುದ್ದಿ, ಎತ್ತಿದಾಗೆಲ್ಲ ಟ್ರ್ಯಾಕ್ಟರಿನ ಪಿಟಿಒ ಬೇರಿಂಗನ್ನೇ ಒಳಕ್ಕೆ ಒತ್ತುತ್ತಿತ್ತು. ಅದೃಷ್ಟಕ್ಕೆ ಸೀಲಿನಲ್ಲಿ ಎಣ್ಣೆ ಜಿನುಗಿದ್ದು ಬೇಗ ಕಂಡಿತು. ನೆಟ್ಟಗಿರುವಾಗ ಒಂದೂವರೆ ಇಂಚು ಜಾಗ ಉಳಿಯಬೇಕು, ಅತಿ ಉದ್ದ ಎಳೆದಾಗಲೂ ಒಂದು ಗೇಣು ಒಂದರೊಳಗೊಂದು ಇರಬೇಕು. ಎರಡೂ ಕಡೆ ಸಮ ಕತ್ತರಿಸಿ, ಮೇಲಿನ ಪ್ಲಾಸ್ಟಿಕ್ ಕವಚವನ್ನೂ ಅಷ್ಟೇ ಕತ್ತರಿಸಿ, ಅಂಚಿಗೆ ಅರ ಉಜ್ಜಿ. ಕವಚ ಕಿತ್ತೆಸೆಯುವವರನ್ನು ಇಲ್ಲೂ ಕಂಡಿದ್ದೇನೆ, ಊರಲ್ಲೂ ಕಂಡಿದ್ದೇನೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಓಣಿಯ ಒಬ್ಬರ ಟವಲು ಗೋವಿನಜೋಳದ ಒಕ್ಕಣೆ ಯಂತ್ರದ ಶಾಫ್ಟಿಗೆ ಸಿಕ್ಕಿತು. ಟವಲು ಹೆಗಲ ಮೇಲೆ ಇತ್ತು, ಕತ್ತಿಗೆ ಸುತ್ತಿರಲಿಲ್ಲ, ಅದಕ್ಕೇ ಬದುಕಿದರು. ಭುಜ ಮಾತ್ರ ಸರಿಯಾಗಲಿಲ್ಲ. 540 ಸುತ್ತು ಅಂದರೆ ಸೆಕೆಂಡಿಗೆ ಒಂಬತ್ತು. "ಅಯ್ಯೋ" ಅನ್ನುವಷ್ಟರಲ್ಲಿ ಒಂಬತ್ತು. ಚಳಿಗಾಲದಲ್ಲಿ ನಾನು ಉದ್ದ ಮಫ್ಲರ್ ಹಾಕುವುದಿಲ್ಲ, ಜಾಕೆಟ್ಟಿನ ದಾರಗಳನ್ನೂ ಒಳಗೆ ತುರುಕುತ್ತೇನೆ.

ಜಲ್ಲಿಗೆ ಬರೋಣ. ಬ್ಲೋವರಿನ ಕೆಳ ಅಂಚಿಗೆ ಎರಡು ಪ್ಲೈವುಡ್ ತುಂಡು ಕೊಟ್ಟು, ನೆಲದ ಮೇಲೆ ಜಾರುವ ಸ್ಕಿಡ್ ಶೂಗಳನ್ನು ಒಂದು ಇಂಚು ಎತ್ತರಕ್ಕೆ ಬಿಗಿ ಮಾಡಿದೆ. ಕಬ್ಬಿಣದ ಕಿರಿದಾದ ಶೂ ಮೆತ್ತಗಿನ ನೆಲದಲ್ಲಿ ನೇಗಿಲಂತೆ ಇಳಿಯುತ್ತದೆ, ಅದಕ್ಕೆ ಅಗಲದ ಪಟ್ಟಿ ಬೆಸುಗೆ ಹಾಕಿಸಿದೆ. ಮೊದಲ ಸ್ನೋ ಬಿದ್ದಾಗ ತೆಗೆಯಲು ಹೋಗುವುದೇ ಇಲ್ಲ! ಟೈರಿನಲ್ಲಿ ತುಳಿದು ಗಟ್ಟಿ ಮಾಡಿ, ಹೆಪ್ಪುಗಟ್ಟಲು ಬಿಡುತ್ತೇನೆ. ಮೇಲೊಂದು ಎರಡಿಂಚಿನ ಹೊದಿಕೆ ಕೂತಮೇಲೆ ಜಲ್ಲಿಗೂ ನನಗೂ ಜಗಳವಿಲ್ಲ. ಹೆಂಡತಿಗೆ ಮಾತ್ರ ಆ ವಾರ ಸಿಟ್ಟು, "ಅಷ್ಟು ದುಡ್ಡು ಹಾಕಿ ಯಂತ್ರ ತಂದದ್ದು ನೋಡೋಕಾ?" ಅಂತ. ಅದಕ್ಕೂ ಮುಂಚೆ ಹಾರಿದ ಒಂದು ಜಲ್ಲಿಕಲ್ಲು ಗ್ಯಾರೇಜಿನ ಕಿಟಕಿ ಒಡೆದಿತ್ತು, 240 ಡಾಲರ್. ಆಮೇಲೆ ಚೂಟ್ (ಸ್ನೋ ಹೊರಕ್ಕೆ ಚಿಮ್ಮುವ ಕೊಳವೆ) ಯಾವತ್ತೂ ಮನೆ, ಕಾರು, ಮನುಷ್ಯರ ಕಡೆ ಮುಖ ಮಾಡಿಲ್ಲ. ರಸ್ತೆಗೂ ಎಸೆಯಬಾರದು, ನ್ಯೂಯಾರ್ಕ್ ರಾಜ್ಯದಲ್ಲಿ ಅದು ಕಾನೂನಿಗೆ ವಿರುದ್ಧ.

ಚೂಟ್ ಮುಖ ಎತ್ತ ಅನ್ನುವುದಕ್ಕೆ ಇನ್ನೊಂದು ಕಥೆ. ಎರಡನೇ ಚಳಿಗಾಲದಲ್ಲಿ ಗಾಳಿ ನೋಡಿ, ಮನೆಯ ಪಕ್ಕದ ಗೋಡೆಗೆ ಚೆಂದವಾಗಿ ರಾಶಿ ಹಾಕಿದೆ. ರಾತ್ರಿ ಎರಡು ಗಂಟೆಗೆ "ರೀ, ಮನೆ ಯಾಕೆ ಇಷ್ಟು ತಣ್ಣಗಿದೆ?" ಮನೆ ಬೆಚ್ಚಗಿಡುವ ಫರ್ನೇಸಿನ ಗಾಳಿ ಎಳೆಯುವ, ಹೊಗೆ ಬಿಡುವ ಎರಡೂ ಬಿಳಿ ಕೊಳವೆಗಳು ನನ್ನ ರಾಶಿಯಡಿ ಹೂತಿದ್ದವು. ಫರ್ನೇಸು ತಾನೇ ಆಫ್ ಆಗಿತ್ತು, ಪುಣ್ಯ. ಪೈಜಾಮದ ಮೇಲೆ ಜಾಕೆಟ್ ಹಾಕಿಕೊಂಡು ಸಲಿಕೆ ಹಿಡಿದೆ. ಈಗ ಅಲ್ಲಿ, ಗ್ಯಾಸ್ ಮೀಟರಿನ ಹತ್ತಿರ, ಅಂಚಂಚಿಗೂ ಕೆಂಪು ಗೂಟ. ಗೂಟಗಳನ್ನು ಅಕ್ಟೋಬರ್ ಮುಗಿಯುವುದರೊಳಗೆ ನೆಡಿ, ನೆಲ ಹೆಪ್ಪುಗಟ್ಟಿದರೆ ಸುತ್ತಿಗೆ ಮುರಿದೀತೇ ಹೊರತು ಗೂಟ ಇಳಿಯದು.

ಈಗ ಒದ್ದೆ ಸ್ನೋ. ಈರಿ ಸರೋವರ ಇನ್ನೂ ಬೆಚ್ಚಗಿರುವಾಗ ಅದರ ಮೇಲೆ ಹಾದುಬರುವ ತಣ್ಣನೆ ಗಾಳಿ ನೀರು ಹೀರಿಕೊಂಡು ನಮ್ಮ ತಲೆ ಮೇಲೆ ಸುರಿಯುತ್ತದೆ. ಸರೋವರ ಹೆಪ್ಪುಗಟ್ಟಿದ ಮೇಲೆ ಈ ಕಾಟ ಇಳಿಯುತ್ತದೆ. ಹಾಗಾಗಿ ನವೆಂಬರಿನದೇ ಅತಿ ಕೆಟ್ಟದ್ದು, ಹಿಸುಕಿದರೆ ನೀರು ಬರುವಂಥದ್ದು. ಸೊನ್ನೆ ಡಿಗ್ರಿ ಹತ್ತಿರ ಚೂಟ್ ಕಟ್ಟಿಕೊಳ್ಳುತ್ತದೆ. ಎಚ್‌ಪಿ ಸಾಲದು ಅಂತ ರೇಸ್ ಇಳಿಸುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದೆ. ಫ್ಯಾನಿನ ವೇಗ ಇಳಿದರೆ ಸ್ನೋ ಚೂಟಿನ ಬಾಯಿಗೇ ಅಂಟಿ ನಿಲ್ಲುತ್ತದೆ. 540 ಅಲ್ಲಾಡಬಾರದು, ನಿಧಾನ ಆಗಬೇಕಾದ್ದು ಟ್ರ್ಯಾಕ್ಟರು. ಎಂಜಿನ್ ಸದ್ದು ಕುಗ್ಗಿತೋ, ಟ್ರ್ಯಾಕ್ಟರನ್ನು ಚಲಿಸುವ ಪೆಡಲಿನಿಂದ (ರೇಸ್ ಬೇರೆ) ಕಾಲು ಎತ್ತಿ. ಸಾಲದಿದ್ದರೆ ಅರ್ಧ ಅಗಲ ಮಾತ್ರ ಕಚ್ಚಿಸಿ. ಎರಡಡಿಗಿಂತ ಆಳ ಆಗಲು ಬಿಡುವುದಿಲ್ಲ, 2022ರಲ್ಲಿ ಮೂರು ಗಂಟೆಗೊಮ್ಮೆ ಹೊರಟೆ. 26 ಎಚ್‌ಪಿ ಸಾಕು ಅಂತ ಈಗ ಎದೆ ತಟ್ಟಿ ಹೇಳುತ್ತೇನೆ.

ಕಟ್ಟಿದ ಚೂಟ್ ಬಿಡಿಸುವಾಗ ನನ್ನದೊಂದು ಮಂತ್ರವಿದೆ, ಜೋರಾಗಿಯೇ ಹೇಳಿಕೊಳ್ಳುತ್ತೇನೆ: ಪಿಟಿಒ, ಬ್ರೇಕು, ಎಂಜಿನ್ನು, ಚಾವಿ ಜೇಬಿಗೆ. ಆಮೇಲೆ ಫ್ಯಾನ್ ಪೂರ್ತಿ ನಿಲ್ಲುವವರೆಗೆ ಹತ್ತು ಎಣಿಸಿ ಇಳಿಯುವುದು. ಕೈಯಲ್ಲ, ಕೋಲು. ನಮ್ಮ ರಸ್ತೆಯ ಒಬ್ಬರಿಗೆ ಎರಡು ಬೆರಳಿನ ತುದಿ ಇಲ್ಲ; ಎಂಜಿನ್ ಆಫ್ ಮಾಡಿಯೇ ಕೈ ಹಾಕಿದ್ದರು, ಸಿಕ್ಕಿಕೊಂಡಿದ್ದ ಐಸ್ ಬಿಡಿಸಿಕೊಂಡ ಕೂಡಲೇ ಯಂತ್ರದೊಳಗೆ ಉಳಿದಿದ್ದ ಬಿಗುವು ಫ್ಯಾನನ್ನು ಕಾಲು ಸುತ್ತು ತಿರುಗಿಸಿತು. ಹಿಂದೆ ಕಟ್ಟಿದ ಬ್ಲೋವರಿನಲ್ಲಿ ಇನ್ನೊಂದು ಅಪಾಯ: ನೀವು ಹೋಗುವ ದಿಕ್ಕಿನಲ್ಲೇ ಸುರುಳಿಯ ಬಾಯಿ. ಟ್ರ್ಯಾಕ್ಟರ್ ಶುರುವಾದರೆ ನಮ್ಮನೆಯಲ್ಲಿ ಮಕ್ಕಳಿಗೂ ನಾಯಿಗೂ ಹೊರಗೆ ಪ್ರವೇಶವಿಲ್ಲ. ಕ್ಯಾಮೆರಾ ಹಾಕಿ ನೋಡಿದೆ, 90 ಡಾಲರ್ ಹಾಳು. ಒಂದು ನಿಮಿಷದಲ್ಲಿ ಸ್ನೋ ಮೆತ್ತಿ ಅದರ ಕಣ್ಣು ಬಿಳಿ. ಎರಡು ಉಬ್ಬುಗನ್ನಡಿ ಮತ್ತು ನನ್ನ ಕತ್ತು, ಅಷ್ಟೇ. ಹತ್ತು ನಿಮಿಷಕ್ಕೊಮ್ಮೆ ಎಡ ಬಲ ಭುಜ ಬದಲಿಸಿ ನೋಡಿದರೆ ಕತ್ತು ಹಿಡಿಯುವುದಿಲ್ಲ.

ಚೂಟಿಗೆ ಸವರಲು ಏನೇನೋ ಪ್ರಯೋಗ ಮಾಡಿದೆ. ನಗಬೇಡಿ, ಮೊದಲು ಕೊಬ್ಬರಿ ಎಣ್ಣೆ. ಬೆಂಗಳೂರಿನ ಡಿಸೆಂಬರಿನಲ್ಲೇ ಗಟ್ಟಿಯಾಗುವ ಎಣ್ಣೆ ಇಲ್ಲಿ ಏನು ಮಾಡೀತು? ಮೇಣದಂತೆ ನಿಂತು, ಸ್ನೋಗೆ ಕೂರಲು ಇನ್ನೂ ಒಳ್ಳೆ ಜಾಗ ಮಾಡಿಕೊಟ್ಟಿತು. ಹರಳೆಣ್ಣೆ ಅಂಟಿತು. ಸಿಲಿಕೋನ್ ಸ್ಪ್ರೇ ಕೆಲಸ ಮಾಡುತ್ತದೆ, ಅರ್ಧ ಗಂಟೆ. ಈಗ ಬೇಸಿಗೆಯಲ್ಲೇ ಚೂಟಿನ ಒಳಮೈಗೆ ಮರಳು ಕಾಗದ ಉಜ್ಜಿ, ಬಣ್ಣ ಹೊಡೆದು, ಅದರ ಮೇಲೆ ಕಾರಿಗೆ ಹಾಕುವ ವ್ಯಾಕ್ಸ್ ಎರಡು ಪದರ, ಆಮೇಲೆ ಮೂರನೆಯದೊಂದು. ಆ ಮೂರನೆಯದು ಏನು ಅಂತ ಪ್ಲೋ ಟ್ರಕ್ಕಿನವನೂ ಕೇಳಿದ, ಅವನಿಗೂ ಹೇಳಲಿಲ್ಲ.

ನಿಜವಾಗಿ ಆಟ ಬದಲಿಸಿದ್ದು ರಬ್ಬರ್. ಫ್ಯಾನಿನ ರೆಕ್ಕೆಗೂ ಗೂಡಿಗೂ ನಡುವೆ ಕಾಲಿಂಚಿಗಿಂತ ಹೆಚ್ಚು ಸಂದು, ಕೆಸರಿನಂಥ ಸ್ನೋ ಅದರಲ್ಲೇ ನುಸುಳಿ ಕೂರುತ್ತದೆ. ಹಳೇ ಕನ್ವೇಯರ್ ಬೆಲ್ಟಿನ ತುಂಡು ಕತ್ತರಿಸಿ, ಗೂಡಿಗೆ ಸವರುವಷ್ಟು ಮುಂದಕ್ಕೆ ಬಿಟ್ಟು ರೆಕ್ಕೆಗಳಿಗೆ ಬೋಲ್ಟು ಹಾಕಿದೆ. ನಾಲ್ಕು ರೆಕ್ಕೆ, ಬೆಲ್ಟು ಮೂರಕ್ಕೆ ಸಾಕಾಯಿತು, ಮೂರಕ್ಕೇ ಹಾಕಿ ಓಡಿಸಿದೆ. ಟ್ರ್ಯಾಕ್ಟರ್ ಸೀಟಿನಲ್ಲಿ ಕೂತಿದ್ದ ನನ್ನ ಹಲ್ಲು ಕಟಕಟ ಅಂದವು. ಮತ್ತೆ ಬಿಚ್ಚಿ, ನಾಲ್ಕಕ್ಕೂ, ಅಡುಗೆಮನೆಯ ತಕ್ಕಡಿಯಲ್ಲಿ ಬೋಲ್ಟು ವಾಷರ್ ಸಮೇತ ತೂಗಿ, ಗ್ರಾಮಿಗೆ ಗ್ರಾಮು ಸರಿ ಮಾಡಿ ಹಾಕಿದೆ. ಮೊದಲು ಆರಡಿಗೆ ಉಗುಳುತ್ತಿದ್ದ ಕೆಸರು ಈಗ ಇಪ್ಪತ್ತೈದು ಅಡಿಗೆ ಹೋಗಿ ಬೀಳುತ್ತದೆ. ಖರ್ಚು 30 ಡಾಲರ್ ಇರಬಹುದು.

ಉಳಿದದ್ದೆಲ್ಲ ನಿಮಗೆ ಗೊತ್ತಿರುವುದೇ: ಹಿಂದಿನ ಟೈರಿಗೆ ಸರಪಳಿ, 450 ಡಾಲರ್; ಮುಂದೆ ಲೋಡರ್ ಬಿಚ್ಚದೆ ಭಾರಕ್ಕೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಬ್ಲೋವರ್ ಎತ್ತಿದಾಗ ಸ್ಟೀರಿಂಗ್ ಮಾತು ಕೇಳದು; ಚಳಿಗಾಲದ ಡೀಸೆಲ್; ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರಿಗೆ ಟೈಮರ್. ರಸ್ತೆ ಬದಿಯ ದಿಬ್ಬ, ಟೌನಿನ ಪ್ಲೋ ತಳ್ಳಿ ಹೋದ ಐಸುಗಡ್ಡೆ, ಅದನ್ನು ಲೋಡರಿನಲ್ಲಿ ಒಡೆದ ಮೇಲೇ ಬ್ಲೋವರಿಗೆ ಕೊಡುವುದು.

ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಬಂದ ಬ್ಲಿಜರ್ಡ್‌ನಲ್ಲಿ ಮಾತ್ರ ಟ್ರ್ಯಾಕ್ಟರ್ ಮುಟ್ಟಲಿಲ್ಲ. ಗ್ಯಾರೇಜಿನಿಂದ ಮನೆ ಕಾಣುತ್ತಿರಲಿಲ್ಲ. ಆ ಬಿರುಗಾಳಿಗೆ ಬಫಲೋ ಸುತ್ತಮುತ್ತ ನಲವತ್ತಕ್ಕೂ ಹೆಚ್ಚು ಜನ ಸತ್ತರು, ಕೆಲವರು ತಮ್ಮ ಕಾರಿನಲ್ಲೇ. ಎರಡು ದಿನ ಒಳಗೇ ಕೂತು ಚುರುಮುರಿ ತಿಂದೆವು.

ಅಕ್ಕಪಕ್ಕದವರಿಂದ ದುಡ್ಡು ತಗೊಳ್ಳುವುದಿಲ್ಲ, ಇನ್ಶೂರೆನ್ಸಿನ ತಕರಾರು. ಒಬ್ಬರು ಮೇಪಲ್ ಸಿರಪ್ ಕೊಡುತ್ತಾರೆ, ದೋಸೆಗೆ ಬಲು ಚೆನ್ನ. ಇನ್ನೊಬ್ಬರು ಜಿಂಕೆ ಮಾಂಸ ತಂದರು, ನಾವು ತಿನ್ನುವವರಲ್ಲ, ಪ್ಲೋ ಟ್ರಕ್ಕಿನವನಿಗೆ ಕೊಟ್ಟೆ. ಈ ಏಪ್ರಿಲ್‌ನಲ್ಲಿ ಉಪ್ಪು ತೊಳೆದು, ಗೇರ್‌ಬಾಕ್ಸಿನ 80ಡಬ್ಲ್ಯು-90 ಎಣ್ಣೆ ಬದಲಿಸಿ, ಸುರುಳಿ ತಿರುಗಿಸಿ ನೋಡಿದರೆ ಎಡಗಡೆ ಬೇರಿಂಗಿನಲ್ಲಿ ಸಣ್ಣದೊಂದು ಗುರುಗುರು. ಅದು 40 ಡಾಲರಿನ ಬೇರಿಂಗು, ಅಂಗಡಿಯಲ್ಲಿ ಜೋಡಿಯೇ ತಗೋ ಅನ್ನುತ್ತಿದ್ದಾರೆ. ಅಕ್ಟೋಬರ್‌ವರೆಗೆ ಯೋಚನೆ ಮಾಡುತ್ತೇನೆ.